ಹೆಬ್ಬೆಟ್ಟು

ಕಾಣುವಷ್ಟು ಹತ್ತಿರ, ಕೇಳಿಸದಷ್ಟು ದೂರ
ನಿಲ್ಲಬೇಕು ವಾರ್ಡರು, ಎನ್ನುತ್ತದೆ ನಿಯಮ.
ದಾವಣಗೆರೆ ಸಬ್‌ಜೈಲಿನ ಕರಿಬಸಪ್ಪ
ನನ್ನ ಕುರ್ಚಿಯ ಬೆನ್ನು ಹಿಡಿದೇ ನಿಂತಿದ್ದಾನೆ.
‘ಸ್ವಲ್ಪ ಆಚೆ ಹೋಗ್ರಿ’ ಅಂದೆ.
‘ಹೆಂಗಿದ್ರೂ ಡೆಲ್ಲಿಗೆ ಹೋಗೋ ಕೇಸು ಮೇಡಂ,
ನಿಮಗ್ಯಾಕೆ ಇಷ್ಟು ಉಸಾಬರಿ?’
ಸುಮ್ಮನೆ ಅವನನ್ನೇ ನೋಡಿದೆ.
ಹೋದ. ಏಳು ಹೆಜ್ಜೆ. ಎಣಿಸಿದೆ.

ಪೇಪರಿನವರು ಗಡಿಪಾರು ಎಂದು ಬರೆದರು.
ಗಡಿಪಾರಲ್ಲ ಜಬೀವುಲ್ಲಾ, ಇದಕ್ಕೆ ಹಸ್ತಾಂತರ ಅಂತಾರೆ.
ಒಂದು ಸರ್ಕಾರದ ಕೈಯಿಂದ ಇನ್ನೊಂದರ ಕೈಗೆ.
‘ಸಾಮಾನು ಕೊಟ್ಟಂಗಾ?’
ಕೊಡೋ ಮುಂಚೆ ಕೇಳಬೇಕು. ಅದಕ್ಕೇ ನಾನು ಬಂದಿರೋದು.
‘ಯಾರನ್ನ ಕೇಳೋದು?’
ಮ್ಯಾಜಿಸ್ಟ್ರೇಟರು ಅವರನ್ನ ಕೇಳ್ತಾರೆ, ನಾನು ನಿನ್ನನ್ನ ಕೇಳ್ತೀನಿ.
ಹೇಳುವಾಗಲೇ ನನಗೂ
ಪಾಠ ಒಪ್ಪಿಸಿದಂತೆ ಕೇಳಿಸಿತು.

ಇನ್ನೂರ ಹನ್ನೊಂದು ಪುಟ. ಬಲದಿಂದ ಎಡಕ್ಕೆ ಓಡುವ ಲಿಪಿ,
ಪಕ್ಕದಲ್ಲಿ ಇಂಗ್ಲಿಷು.
ಅವನಿಗೆ ನಮಾಜಿನಷ್ಟು ಅರಬ್ಬಿ,
ಬಸ್ಸಿನ ಬೋರ್ಡಿನಷ್ಟು ಕನ್ನಡ.
ತನ್ನ ಮೇಲೆ ಏನಿದೆ ಎಂದು
ನಾಲ್ಕು ತಿಂಗಳಿಂದ ಯಾರೂ ಓದಿ ಹೇಳಿಲ್ಲ.
ಓದಿದೆ. ಗೋದಾಮು, ಬೀಗ, ರಾತ್ರಿ ಪಾಳಿ,
ಎಣಿಕೆಗೆ ಸಿಗದ ಮುನ್ನೂರು ಪೆಟ್ಟಿಗೆ.
‘ಪೆಟ್ಟಿಗೆಯಾಗೆ ಏನಿತ್ತಂತೆ?’ ಅವನೇ ಕೇಳಿದ,
ನಿಜಕ್ಕೂ ಗೊತ್ತಿಲ್ಲದವನಂತೆ.
ಅಥವಾ ಚೆನ್ನಾಗಿ ಗೊತ್ತಿದ್ದವನಂತೆ.
ಅದನ್ನು ತೂಗುವುದು ನನ್ನ ಕೆಲಸವಲ್ಲ.

ವಕಾಲತ್ತಿಗೆ ರುಜು ಬೇಕು. ರುಜು ಬಾರದು.
ಶಾಯಿಪ್ಯಾಡು ತೆರೆದು ಹೆಬ್ಬೆರಳು ಹಿಡಿದು ಒತ್ತಿಸಿದೆ.
ನುಣ್ಣನೆಯ ನೀಲಿ ಮಚ್ಚೆ. ಗೆರೆಯಿಲ್ಲ.
ಒರೆಸಿ ಇನ್ನೊಮ್ಮೆ. ಇನ್ನೂ ಒಮ್ಮೆ.
‘ಬರಲ್ಲ ಮೇಡಂ. ಹತ್ತು ವರ್ಷದವನಿದ್ದಾಗಿಂದ ಮಂಡಕ್ಕಿ ಭಟ್ಟಿ.
ಕಾದ ಮರಳು ತಿಂದೈತೆ.
ರೇಷನ್ ಅಂಗಡಿ ಮಿಷಿನ್ನೂ ನನ್ನ ಒಪ್ಪಲ್ಲ.’

ಸುಟ್ಟ ಟೈರಿನ ಹೊಗೆ, ಜರಡಿಯ ಸದ್ದು.
ಕೋರ್ಟು ಮುಗಿಸಿ ಸಂಜೆ ಮಿರ್ಚಿಯ ಜೊತೆ
ನಾನು ಮುಕ್ಕಿದ ಮಂಡಕ್ಕಿಯಲ್ಲಿ
ಇವನ ಗೆರೆಗಳು ಎಷ್ಟು ಬೆರೆತಿದ್ದವೋ.

ಪುಟ ನೂರ ನಲವತ್ತಕ್ಕೆ ಮರಳಿದೆ.
ಆ ದೇಶದ ಗೋದಾಮು, ಅದರ ರಿಜಿಸ್ಟರಿನ ನಕಲು,
ಕೆಳಗೆ ಆರೋಪಿಯ ಹೆಬ್ಬೆಟ್ಟು.
ಸುಳಿಯೊಳಗೆ ಸುಳಿ, ಒಂದೊಂದು ಗೆರೆಯೂ ಬಿಡಿಬಿಡಿ,
ಬಾವಿಗೆ ಆಗತಾನೆ ಕಲ್ಲು ಬಿದ್ದಂತೆ.

ಇದರಿಂದ ಬಾಗಿಲು ತೆರೆಯುತ್ತದೆ ಎನ್ನಲಾರೆ.
ಊರಿಗೆ ಬಂದಮೇಲೆ ಸವೆದದ್ದು ಎಂದಾರು,
ನಕಲು ನಕಲೇ ಎಂದಾರು,
ಡೆಲ್ಲಿಯಲ್ಲಿ ಯಾರೋ ಪುಟ ಮಗುಚಿಯಾರು.
ಅವನಿಗೆ ಏನೂ ಹೇಳಲಿಲ್ಲ ಇನ್ನೂ.
ಎಡಗೈ ಕೊಡು ಅಂದೆ. ಕೊಟ್ಟ.
ಒಂದೊಂದೇ ಬೆರಳು ಬೆಳಕಿಗೆ ಹಿಡಿದು ನೋಡುತ್ತಿದ್ದೆ.

ಏಳು ಹೆಜ್ಜೆ ಆಚೆಯಿಂದ ಕರಿಬಸಪ್ಪ:
‘ಟೈಮಾತು ಮೇಡಂ.’

ಕೇಳಿಸದಷ್ಟು ದೂರ ಅಂದಮೇಲೆ
ನನಗೂ ಕೇಳಿಸಲಿಲ್ಲ.