ಬಿಜಾಗರಿ ಹಂತ್ಯಾಕ

ಸಂಖದ ತಿರುವಿಗಿ ಬಂದ್ರ ಸಾಕು ಮಿಸ್ತ್ರಿ,
ತಾವ ಟಕ್ ಅಂತ ಬೀಳತಾವ, ತಾವ ಟಕ್ ಅಂತ ಏಳತಾವ,
ಎರಡೂ ಬಾಗಿಲ. ನಾ ಏನೂ ಮುಟ್ಟಂಗಿಲ್ಲ, ಆಣಿ ಮಾಡ್ತೀನಿ.
ಹಂಗಂದು ಮಾಳಪ್ಪ ಪುಜೇರಿ ಪಿಕಪ್ ತಂದು
ಉಮದಿ ಸ್ಟ್ಯಾಂಡಿನ ಬಾಜೂಕ, ನನ್ನ ಅಂಗಡಿ ಮುಂದ,
ಬೇವಿನ ನೆರಳ ಬಿಟ್ಟು ಬಿಸಲಾಗ ನಿಂದ್ರಿಸಿದ.

ಹಿಂದ ಹನ್ನೊಂದು ಕುರಿ.
ಮುಂದ, ಡ್ರೈವರ್ ಮಗ್ಗಲ ಸೀಟಿನ್ಯಾಗ,
ಗೋಣಿತಟ್ಟ ಹಾಸಿ, ಬೆಲ್ಟ್ ಹಾಕಿ, ಹೌದು, ಬೆಲ್ಟ್,
ಮಾಡಗ್ಯಾಳ ತಳಿ ಟಗರು.
ಮೂಗ ಗಿಳಿ ಕೊಕ್ಕಿನಂಗ ಬಾಗಿದ್ದು.
ಕಾಚು ಪೂರಾ ಏರಿಸಿ ಅದಕ್ಕ ಏಸಿ ಬ್ಯಾರೆ.
ಎಷ್ಟಕ್ಕ ತಗೊಂಡಿ ಅಂದೆ. ಹೇಳಿದ.
ಗಾಡಿಗಿಂತ ಜಾಸ್ತಿ.

ಮೊದಲ ಫ್ಯೂಜ್. ಟಾರ್ಚ್ ಹಲ್ಲಾಗ ಹಿಡದು
ಸ್ಟೇರಿಂಗ್ ಕೆಳಗ ತಲಿ ತುರಕಿ ಒಂದೊಂದ ಎಳದು
ಬಿಸಲಿಗಿ ಹಿಡದೆ. ಒಳಗಿನ ಎಳಿ ಹರದಿಲ್ಲ.
ರಿಲೇ ತಗದು ಹಾರ್ನಿನದು ಆ ಜಾಗಾದಾಗ ಕೂಡ್ರಿಸಿದೆ,
ಇದನ್ನ ಅಲ್ಲಿ. ಹಾರ್ನ್ ಒದರ್ತು. ಲಾಕ್ ಮಾತಾಡವಲ್ದು.
ಬಾಗಿಲದ ಪ್ಯಾಡ್ ಬಿಚ್ಚಿದೆ. ಏಳು ಸ್ಕ್ರೂ ಇರಬೇಕು, ಎರಡ ಇದ್ವು.
ಬಾಗಿಲದ ಹೊಟ್ಟ್ಯಾಗ ಒಂದು ಬಾಚಣಿಕಿ,
ಸುಣ್ಣದ ಡಬ್ಬಿಯ ಮುಚ್ಚಳ, ಗಂಟುಗಟ್ಟಿದ ಉಣ್ಣಿ,
ಅಕ್ಷರ ಅಳಿಸಿಹೋದ ಯಾವದೋ ಸಂತಿ ಪಾವತಿ.
ಮೋಟರಿಗಿ ನೇರ ಬ್ಯಾಟರಿ ಕೊಟ್ಟೆ, ಟಕ್.
ವಾಯರ್ ಅದಲು ಬದಲು ಹಿಡದೆ, ಟಕ್.
ಮೋಟರಿನ ಮ್ಯಾಲ ತಪ್ಪಿಲ್ಲ.

ರೇಡಿಯೋ ರಿಪೇರಿ ಮಾಡ್ತಿದ್ದ ನಮ್ಮಪ್ಪ ಅಂತಿದ್ದ:
ಸುಟ್ಟದ್ದು ವಾಸನಿ ಬಿಟ್ಟು ಹೇಳ್ತದೋ ನಬಿಲಾಲ,
ಹರದದ್ದು ಮಾತ್ರ ಬಾಯಿ ಬಿಡಂಗಿಲ್ಲ.

ಪ್ಲಗ್ ತಿರುಗಿ ಸಿಗಿಸಿ, ಬಾಗಿಲ ದೂಡಿದೆ.
ಟಕ್.
ಎರಡೂ ಬಿದ್ವು. ಚಾವಿ ಒಳಗ. ಟಗರು ಒಳಗ.
ಇಂಜನ್ ಬಂದ್. ಏಸಿ ಬಂದ್.
ಎಪ್ರಿಲ್, ಮಧ್ಯಾಹ್ನ ಎರಡು.

ಮಾಳಪ್ಪ ಕಲ್ಲ ಎತ್ತಿಕೊಂಡ. ಕಾಚಿನ ಆಚಿ ಆ ಕಣ್ಣು,
ಜೋಳದ ಕಾಳಿನಂಥ ಹಳದಿ ಕಣ್ಣು, ಕಲ್ಲನ್ನ ನೋಡ್ತು.
ಕಲ್ಲ ಕೆಳಗಿಟ್ಟ.
ಚಾ ಅಂಗಡ್ಯಾಂವ ತಂತಿ ತಂದ, ಒಬ್ಬ ಸ್ಕೇಲಪಟ್ಟಿ ತಂದ,
ಹತ್ತು ಮಂದಿ ಹತ್ತು ಬುದ್ಧಿ ತಂದ್ರು.
ಟಗರು ಬಾಯಿ ತಗದು ತೇಕ್ತಿತ್ತು.
ಬೀರಪ್ಪಾ ಅಂತ ಮಾಳಪ್ಪ ಭುಜ ಕೊಟ್ಟು ಬಾಗಿಲಕ್ಕ ಗುದ್ದಿದ.
ಮತ್ತ ಗುದ್ದಿದ.
ಮೂರನೇದಕ್ಕ ಟಕ್, ಎರಡೂ ಎದ್ವು.

ಅಂವ ಟಗರಿನ ಕೊಳ್ಳ ತಬ್ಬಿಕೊಂಡು ಅಳಾಕತ್ತಿದ್ದ,
ನನಗ ನಗಿ ಬಂತು, ಮಾಫ್ ಮಾಡು ಮಾಳಪ್ಪಾ,
ಗುದ್ದಿದ್ರ ಎಚ್ಚರಾಗೂದು ಫ್ಯೂಜ್ ಅಲ್ಲ,
ಅದು ಅಲ್ಲಾಡೂ ಕಡೆ ಇರೂ ರೋಗ.

ಬಿಜಾಗರಿ ಹಂತ್ಯಾಕ ಒಂದು ರಬ್ಬರಿನ ಸೊಂಡಿ ಇರ್ತದ,
ಗಾಡಿ ಮೈಯಿಂದ ಬಾಗಿಲಕ್ಕ ಹೋಗೂ ವಾಯರೆಲ್ಲಾ ಅದರಾಗ.
ಯಾರೂ ನೋಡಂಗಿಲ್ಲ. ಅದನ್ನ ಹಿಂದ ಸರಿಸಿದೆ.
ಒಂಬತ್ತು ವಾಯರ್. ಎಂಟು ಸುದ್ದ.
ಕಂದು ಮೈ, ಬಿಳಿ ಗೆರಿ, ಒಂಬತ್ತನೇದು
ಮ್ಯಾಲ ನೋಡಿದ್ರ ಸಾಬೂತ. ಬೆರಳಿನ್ಯಾಗ ಹಿಡದು ಎಳದ್ರ
ಚೂಯಿಂಗಮ್ಮಿನಂಗ ಜಗ್ತು. ಒಳಗ ತಾಮ್ರ
ಹಸರಗಟ್ಟಿ, ಎರಡ ತುಂಡಾಗಿ,
ತಿರುವಿಗಿ ಒಮ್ಮಿ ಕೂಡಿ, ಒಮ್ಮಿ ಅಗಲಿ.
ಸಂತಿ ಸಂತಿಗಿ ಇಳದು ಹತ್ತಿದ ಮಾಳಪ್ಪನ
ಎಷ್ಟು ಸಾವಿರ ಸಲದ ತೆಗಿ-ಹಾಕು ಅಲ್ಲಿ ಮಡಿಚಿತ್ತೋ.

ಗೇಣುದ್ದ ಹೊಸ ವಾಯರ್, ಎರಡ ಬೆಸಿಗಿ,
ಬಾಗಿದ್ರ ಜಗ್ಗಬಾರದಂತ ಒಂದೆರಡ ಬೆರಳ ಸಡಿಲ ಬಿಟ್ಟೆ.
ನಾನ್ನೂರು ಅಂದೆ. ಮುನ್ನೂರು ಕೊಟ್ಟ,
ನೂರಕ್ಕ ಕಂಬಳಿ ಮಾತ ಕೊಟ್ಟ.

ಇಪ್ಪತ್ತು ಸಲ ತೆಗದು ಹಾಕು, ಎಣಿಸು ಅಂದೆ.
ಐದನೇತ್ತಾತನಾ ಅಂವಂದು ಕನ್ನಡ ಸಾಳಿ, ಮುಂದ ಮರಾಠಿ.
ಒಂದು, ಟಕ್. ಎರಡು, ಟಕ್.
ಹತ್ತರತನಾ ಹಂಗ ಬಂದು, ಉಸರ ತಗೊಂಡು,
ಅಕರಾ, ಟಕ್. ಬಾರಾ, ಟಕ್.
ತೇರಾಕ್ಕ ನನ್ನ ಮಾರಿ ನೋಡಿದ, ಹೂಂ ಅಂದೆ.
ಟಗರು ನನ್ನ ಟೇಪಿನ ಸುರಳಿ ತಿನ್ನಾಕತ್ತಿತ್ತು.