ಎಂಟು ಚುಕ್ಕಿ, ಎಂಟು ಸಾಲು

ಹಳೇ ಸ್ವೆಟರಿನಾಗ ಸುತ್ತಿ ತಂದಿದ್ದ ಮುಂಬೈ ಮಾವ,
ಗದಗ ಸ್ಟೇಷನ್ನಿನಿಂದ ಟಾಂಗಾದಾಗ
ತೊಡಿ ಮ್ಯಾಲೆ ಕೂಸಿನಂಗ ಇಟಗೊಂಡು.
ಕರೀ ಡಬ್ಬಿ. ರಬ್ಬರಿನ ಗುಂಡಿ.
ಟೈಪಿಂಗ್ ಕ್ಲಾಸಿನ ನಮ್ಮಪ್ಪ ಒಂದ ಸಲ ಒತ್ತಿ ನೋಡಿ
"ಹಲ್ಲಿಲ್ಲದ ವಸಡು" ಅಂದು
ತನ್ನ ಹದಿನಾಕು ಮಷೀನಿನ ಗದ್ದಲಕ್ಕ ವಾಪಸ್ ಹೋದ.

ಟಿವಿಗೆ ಒಂದು ವಾಯರು, ಟೇಪಿಗೆ ಒಂದು.
ದಾವಲಸಾಬ ಕಾಕಾ ಬೆಸುಗಿ ಹಾಕಿದ ಪಿನ್ನು ಅಲುಗಿದರ
ಐದು ಮಿನಿಟು ಕಾದದ್ದು ಹಾಳು.
ಟೇಪು ಕಿರ್ರ್ ಅಂತ ಚೀರತಿತ್ತು,
ಬಾಜೂ ಮನಿ ನಾಯಿ ಜೊತಿಗೂಡತಿತ್ತು.
ಟಿವಿ ಅಂಚಿನ್ಯಾಗ ನೀಲಿ, ಹಳದಿ ಪಟ್ಟಿ ಓಡ್ಯಾಡತಾವಂತ
ಮಾವ ಆಣಿ ಮಾಡಿ ಹೇಳಿದ್ದ.
ನಮ್ಮದು ಕಪ್ಪು-ಬಿಳುಪು. ನಂಬಿದ್ವಿ.

"ನನ್ನ ಹೆಸರು ಬರಿ ಅನ್ನು ಅದಕ" ಅಂದಳು ಅಂದಾನೆವ್ವಜ್ಜಿ.
ಅದಕ ಕನ್ನಡ ಬರೂದಿಲ್ಲಬೇ.
"ಕಲಸು. ಹುಟ್ಟಿದಾಗ ನಿನಗ ಬರತಿತ್ತೇನು?"

ಚೌಕಳಿ ಹಾಳಿ ಮ್ಯಾಲೆ ಎಂಟಕ್ಕ ಎಂಟು ಮನಿ ಗೀಚಿದೆ.
"ಚುಕ್ಕಿ ರಂಗೋಲಿ ಅನ್ನ ಮತ್ತ" ಅಂತ ಮಗ್ಗಲಕ್ಕ ಕುಂತಳು.
ಮನಿಗೊಂದು ಲೆಕ್ಕ:
ನೂರಾ ಇಪ್ಪತ್ತೆಂಟು, ಅರವತ್ನಾಕು, ಮೂವತ್ತೆರಡು...
"ಸೇರು, ಅಚ್ಚೇರು, ಪಾವಸೇರು" ಅನಕೋತ
ನನಗಿಂತ ಮೊದಲ ಛಟಾಕಿಗೆ ಇಳಿದಿದ್ದಳು ಆಕಿ.
ಅಂ ಆತು. ದಾ ಆತು. ನೆ ಸೊಟ್ಟ ಆತು.
ವ್ವ-ಕ್ಕ ಬಂದು ನಿಂತಿವಿ.
ಎಂಟು ಸಾಲಿನ್ಯಾಗ
ಎಷ್ಟ ಒತ್ತಿದರೂ ಒತ್ತು ಕೂಡಲಿಲ್ಲ.
"ಕೆಳಗಿನ ಮನ್ಯಾಗ ಇಡು.
ಅದೇನು ಮಂದಿ ಮನಿ?"

ಬಂತು ಹೆಸರು. ಒತ್ತು ತುಸು ಸರಿದು ಜೋತಾಡತಿತ್ತು,
ಆಕಿ ಹರಿದ ಕಿವಿಯಾಗಿನ ಬುಗುಡಿಯಂಗ.
ಓದಾಕ ಬರದ ಅಜ್ಜಿ
ಗಾಜಿಗೆ ಬೆರಳಿಟ್ಟು ಚುಕ್ಕಿ ಎಣಿಸಿದಳು.
ಎಣಿಕಿ ಮುಗಿಯೂದರೊಳಗ ಕರೆಂಟ್ ಹೋತು.

ಮರುದಿನ ಎಲ್ಲಾ ಮತ್ತ ಹೊಡದು
ಕೈಗೆ ಸಿಕ್ಕ ಕ್ಯಾಸೆಟ್ಟಿಗೆ ತುಂಬಿಟ್ಟೆ.
ಅದು ಅಪ್ಪನ ಡಿಕ್ಟೇಶನ್ ಕ್ಯಾಸೆಟ್ಟು.
ಸ್ಕೇಲಿನ ಏಟು ಎರಡು.

ಮೊನ್ನೆ ಟ್ರಂಕಿನ ತಳದಾಗ ಸಿಕ್ಕಿತು.
ಡಬ್ಬಿ ಯಾವ ಭಂಗಾರದವ ಒಯ್ದನೋ.
ದಾವಲಸಾಬನ ಮೊಮ್ಮಗನ ಅಂಗಡ್ಯಾಗ
ಬರೇ ಟೇಪಿಗೆ ಹಾಕಿಸಿ ಕೇಳಿದೆ.
ಕಿರ್ರ್ ಅಂತ ಅರ್ಧ ಮಿನಿಟು
ಅಂದಾನೆವ್ವ, ಒತ್ತು ಸಹಿತ.
"ಕೆಟ್ಟೈತ್ರಿ ಅಕ್ಕಾರ" ಅಂದ ಹುಡುಗ, ಕಿವಿ ಮುಚಿಗೊಂಡು.
ಬಂದ್ ಮಾಡಬ್ಯಾಡಪಾ, ತಡಿ.

ಚೀರಾಟ ನಿಂತು, ತುಸು ಖರಖರ,
ಆಮ್ಯಾಲೆ ಒಂದು ಕೆಮ್ಮು.
ನಿಮಿಷಕ್ಕ ಎಂಬತ್ತು ಶಬ್ದದ ಗತಿಯಾಗ ಅಪ್ಪ:
"ಮಾನ್ಯರೇ, ತಮ್ಮ ಪತ್ರ ತಲುಪಿತು
ಅಲ್ಪವಿರಾಮ"