ಸಾಸಿವೆಯಷ್ಟು ಪುಡಿ

ಸವನ್ನಖೇತ್‌ನ ಹಳೇ ಆಸ್ಪತ್ರೆಯ ಹಿಂದೆ
ಫ್ಯಾನ್ ನಿಲ್ಲಿಸಿದ ಕೋಣೆ. ಗಾಳಿಗೂ ಇಲ್ಲಿ ತೂಕವಿದೆ;
ತಕ್ಕಡಿ ನಡುಗೀತೆಂದು ಉಸಿರು ಹಿಡಿಯುತ್ತೇನೆ.

ಖಾಂಫೆಂಗ್ ತಂದದ್ದು ಹನ್ನೆರಡರಲ್ಲಿ ಉಳಿದ ಮೂರು ಮಾತ್ರೆ.
ಒಂಬತ್ತು ನುಂಗಿಯೂ ಮಗಳ ಮೈ ಕೆಂಡವಂತೆ.
‘ಒಂದನ್ನು ಕೆರೆಯಬೇಕು.’
‘ಎಷ್ಟು?’
‘ಸಾಸಿವೆಯಷ್ಟು.’
ಅವಳ ಪಾಲಿನಿಂದಲೇ ಕಿತ್ತು ಕೊಡುವವನ ಹಾಗೆ
ಅಂಗೈ ಬಿಚ್ಚಿದ.

ಪೊಟ್ಟಣದ ಮೇಲೆ ಹೊಳೆವ ಮುದ್ರೆ, ತಾರೀಖು, ಎಲ್ಲ ಸರಿ.
ಮೋಸಗಾರರು ಈಚೆಗೆ ಕಾಗುಣಿತ ಕಲಿತಿದ್ದಾರೆ.

ಕ್ಷಾರದ ನೀರಲ್ಲಿ ಕದಡಿ, ಕಾದು,
ಹುಳಿ ಬೆರೆಸಿ, ಬಣ್ಣದ ಒಂದು ಹನಿ.
ಎಡಕ್ಕೆ ಅಸಲಿಯ ಸೀಸೆ, ಅಚ್ಚ ಅರಿಶಿನ.
ಬಲಕ್ಕೆ ಬರೀ ಪಿಷ್ಟದ್ದು, ತಿಳಿನೀರು.
ನಡುವೆ ಇವನದ್ದು.

ಐದು ನಿಮಿಷ. ಹೊರಗೆ ಮೆಕಾಂಗ್ ಮೇಲೆ
ಯಾವುದೋ ದೋಣಿಯ ಮೋಟಾರು
ಆಚೆ ದಡಕ್ಕೋ ಈಚೆಗೋ ಏನನ್ನೋ ಸಾಗಿಸುತ್ತಿತ್ತು.

ಬಂತು.
ಮೂರು ಸಲ ಒಗೆದ ಬಟ್ಟೆಯ ಅರಿಶಿನದ ಕಲೆಯಷ್ಟು.
‘ಬಣ್ಣ ಬಂತಲ್ಲ!’ ಖಾಂಫೆಂಗ್ ನಕ್ಕ.

ಬರೀ ಸುಣ್ಣವಾಗಿದ್ದರೆ
ಸುಳ್ಳು ಅಂತ ಬರೆದು ಕೈತೊಳೆಯುತ್ತಿದ್ದೆ.
ಇದು ಕಾಲು ಪಾಲು ನಿಜ.
ರೋಗವನ್ನು ಕೊಲ್ಲುವಷ್ಟಲ್ಲ,
ಮದ್ದಿನ ವರಸೆಗಳನ್ನು ಅದಕ್ಕೆ ಕಲಿಸಿಕೊಡುವಷ್ಟು.

ದಾಖಲೆ ಪುಸ್ತಕದಲ್ಲಿ ಎರಡೇ ಕಾಲಂ: ಇದೆ, ಇಲ್ಲ.
ನಡುವಿನ ಗೆರೆಯ ಮೇಲೇ ಬರೆದೆ, ಶಾಯಿ ಎರಡೂ ಕಡೆ ಹಬ್ಬಿತು.

ಆಮೇಲೆ ಮಾಡಬಾರದ್ದು ಮಾಡಿದೆ.
ಹೋಲಿಕೆಗೆಂದು ಬೀಗ ಹಾಕಿಟ್ಟ ಅಸಲಿ ಮಾತ್ರೆಗಳ ಪಟ್ಟಿ,
ಇಡೀ ಪಟ್ಟಿ, ಅವನ ಕೈಗಿಟ್ಟೆ.
ನಾಳೆ ಬರುವವರ ಸೀಸೆಯನ್ನು
ಯಾವುದರ ಪಕ್ಕ ಇಟ್ಟು ನೋಡುವುದೋ.

ಅವನು ಹೊರಡಲಿಲ್ಲ. ಪಟ್ಟಿಯನ್ನು ಬೆಳಕಿಗೆ ಹಿಡಿದು
ಹಿಂದೆ ಮುಂದೆ ತಿರುಗಿಸಿದ.
‘ಇವನ್ನು ಯಾರು ಕೆರೆದು ನೋಡಿದರು?’